ಪೊಸಿಷನರ್ ಕ್ಯಾಲಿಬ್ರೇಶನ್: ಆಟೋನಾ, ಮ್ಯಾನ್ಯುಯಲ್ಲಾ?

ದಾವಣಗೆರೆ ಕಡೆಯ ಸಕ್ಕರೆ ಕಾರ್ಖಾನೆಗಳಲ್ಲಿ ಕಬ್ಬು ಅರೆಯೋ ಸೀಸನ್‌ಗೆ ಮುಂಚೆ ಕಂಟ್ರೋಲ್ ವಾಲ್ವ್‌ಗಳ ಸರದಿ ಬರುತ್ತದೆ. ಸಿಗ್ನಲ್ ಹೇಳಿದಷ್ಟೇ ವಾಲ್ವ್ ತೆರೆಯುವಂತೆ ಗಾಳಿ ಕೊಟ್ಟು ಆಡಿಸುವುದು ಅದರ ಮೇಲಿನ ಪೊಸಿಷನರ್; ಅದನ್ನು ಆಗ ಕ್ಯಾಲಿಬ್ರೇಟ್ ಮಾಡಬೇಕು. ಪ್ಲಾಂಟ್ ನಿಂತಿದೆ ಅಂದ್ರೆ ಆಟೋ ಕ್ಯಾಲಿಬ್ರೇಶನ್ನೇ ಸರಿ. ಪೊಸಿಷನರ್ ತಾನೇ ವಾಲ್ವನ್ನು ಪೂರ್ತಿ ಮುಚ್ಚಿ, ಪೂರ್ತಿ ತೆರೆದು, ಎರಡೂ ತುದಿ ಗುರುತು ಹಾಕಿಕೊಳ್ಳುತ್ತದೆ. ಕೆಲವೇ ನಿಮಿಷದ ಕೆಲಸ. ಓಡುತ್ತಿರುವ ಬಾಯ್ಲರ್ ನೀರಿನ ಲೈನಲ್ಲಿ ಮಾತ್ರ ಬೇಡವೇ ಬೇಡ. ನೀರನ್ನು ಬೈಪಾಸ್‌ಗೆ (ವಾಲ್ವ್ ಬಳಸಿ ಹೋಗುವ ಪಕ್ಕದ ಪೈಪಿಗೆ) ಹಾಕಿ, ವಾಲ್ವ್ ಐಸೊಲೇಟ್ ಮಾಡಿದ ಮೇಲಷ್ಟೇ.

ಮ್ಯಾನ್ಯುಯಲ್‌ನಲ್ಲಿ ಝೀರೋ (ಓಟ ಶುರುವಾಗುವ ತುದಿ), ಸ್ಪ್ಯಾನ್ (ಅಲ್ಲಿಂದ ಇನ್ನೊಂದು ತುದಿವರೆಗಿನ ಓಟ) ನಾವೇ ಕೂರಿಸಬೇಕು. ಹೊತ್ತು ಹಿಡಿಯುತ್ತದೆ. ವಾಲ್ವ್ ಪೂರ್ತಿ ತೆರೆಯುವುದು ಬೇಡ ಅನ್ನುವ ಕಡೆ ಇದೇ ವಾಸಿ. (ಇದರಲ್ಲೂ ವಾಲ್ವ್ ಆಡುತ್ತೆ ಅಲ್ವಾ, ಹಾಗಾಗಿ ಬೈಪಾಸ್ ಮಾತು ಇಲ್ಲೂ ಅನ್ವಯ.)

ಆಟೋ ಅರ್ಧಕ್ಕೇ ನಿಂತು ಎರರ್ ತೋರಿಸಿತು ಅಂತ ಸುಮ್ನೆ ಮ್ಯಾನ್ಯುಯಲ್‌ಗೆ ಹಾರಬೇಡಿ. ಮೊದಲು ಗಾಳಿ ಪ್ರೆಷರ್ ನೋಡಿ. ಫಿಟ್ಟಿಂಗ್‌ಗೆ ಸೋಪಿನ ನೊರೆ ಹಚ್ಚಿ, ಗುಳ್ಳೆ ಎದ್ದರೆ ಲೀಕ್. ಆಮೇಲೆ ಫೀಡ್‌ಬ್ಯಾಕ್ ಲಿವರ್, ಅಂದ್ರೆ ಸ್ಟೆಮ್ (ವಾಲ್ವನ್ನು ಆಡಿಸುವ ಕಡ್ಡಿ) ಎಲ್ಲಿದೆ ಅಂತ ಪೊಸಿಷನರ್‌ಗೆ ತಿಳಿಸುವ ಸಣ್ಣ ತೋಳು. ಸ್ಟೆಮ್ ಮೇಲೆ ಕೆಳಗೆ ಆಡುವ ವಾಲ್ವಿನಲ್ಲಿ, ಅರ್ಧ ತೆರೆದಾಗ ಲಿವರ್ ಸ್ಟೆಮ್‌ಗೆ ಸರಿಯಾಗಿ ಅಡ್ಡ ನಿಲ್ಲಬೇಕು. ಬೋಲ್ಟ್ ಸಡಿಲವಾಗಿ ಅದು ಜಾರಿದ್ದರೆ ಯಾವ ಕ್ಯಾಲಿಬ್ರೇಶನ್ನೂ ನಿಲ್ಲಲ್ಲ.

ಯಾವುದನ್ನೇ ಮಾಡಿ, ಕೊನೆಗೆ 4, 8, 12, 16, 20 ಮಿಲಿಆಂಪ್ ಸಿಗ್ನಲ್ ಕೊಟ್ಟು ನೋಡಿ. ಲೀನಿಯರ್ ಸೆಟಿಂಗಲ್ಲಿ (ಸಿಗ್ನಲ್ ಬದಲಾದಷ್ಟೇ ವಾಲ್ವ್ ಆಡುವ ಸೆಟಿಂಗ್) 12ಕ್ಕೆ ವಾಲ್ವ್ ಅರ್ಧ ತೆರೆದಿರಬೇಕು. ಅದೇ ಸಿಗ್ನಲ್‌ಗೆ ಏರಿಸುವಾಗ ಒಂದು, ಇಳಿಸುವಾಗ ಇನ್ನೊಂದು ತೋರಿಸಿದರೆ ಗ್ಲ್ಯಾಂಡ್ ಪ್ಯಾಕಿಂಗ್ (ಸ್ಟೆಮ್ ಸುತ್ತ ಲೀಕ್ ತಡೆಯುವ ಸುತ್ತು) ಜಾಸ್ತಿ ಬಿಗಿಯಾಗಿದೆಯಾ ನೋಡಿ.