ಕೆಫೆ ಕಾಫಿ ಡೇ: ಕಾಫಿಗೆ ಒಂದು ಮಾರ್ಕು, ಲೆಕ್ಕಕ್ಕೆ ಬೇರೆ ಮಾರ್ಕು

ದರ್ಶಿನಿಯಲ್ಲಿ ಇಪ್ಪತ್ತು ರೂಪಾಯಿ ಆಸುಪಾಸಿಗೆ ಬಿಸಿ ಫಿಲ್ಟರ್ ಕಾಫಿ ಸಿಗುವ ಊರಲ್ಲಿ, ಅದನ್ನೂ ಬೈ ಟೂ ಮಾಡಿಕೊಂಡು ಕುಡಿಯುವ ಜನರ ಮಧ್ಯೆ, ಅದರ ಎಷ್ಟೋ ಪಟ್ಟು ಕೊಟ್ಟು ಕಪುಚಿನೋ ಕುಡಿಯೋಕೆ ಯಾರು ಹೋಗುತ್ತಾರೆ? ಕುಡಿಯೋಕೆ ಯಾರೂ ಹೋಗಲ್ಲ, ಕೂರೋಕೆ ಹೋಗುತ್ತಾರೆ. ಕೆಫೆ ಕಾಫಿ ಡೇ ಮಾರಿದ್ದು ಕುರ್ಚಿಯನ್ನು. ಕಾಫಿ ಅದರ ಜೊತೆಗೆ ಬಂತು.

ಆ ಕುರ್ಚಿ ಚೆನ್ನಾಗಿತ್ತು, ಈಗಲೂ ಚೆನ್ನಾಗಿದೆ. ದರ್ಶಿನಿಯಲ್ಲಿ ನಿಂತು ಕುಡಿದು ಲೋಟ ಇಟ್ಟು ಹೊರಡಬೇಕು. ಸ್ವಲ್ಪ ಜಾಸ್ತಿ ನಿಂತರೆ ಟೇಬಲ್ ಒರೆಸುವ ಹುಡುಗ ಬಟ್ಟೆ ಹಿಡಿದು ಪಕ್ಕಕ್ಕೇ ಬರುತ್ತಾನೆ. ಕಾಫಿ ಡೇಯಲ್ಲಿ ಒಂದು ಕಪ್ ಮುಂದಿಟ್ಟುಕೊಂಡು ಗಂಟೆಗಟ್ಟಲೆ ಕೂತರೂ ಯಾರೂ ಏಳಿ ಅನ್ನುವುದಿಲ್ಲ. ಹೆಣ್ಣು ನೋಡುವ ಶಾಸ್ತ್ರಕ್ಕೆ ಮುಂಚೆ ಹುಡುಗ ಹುಡುಗಿ ಸುಮ್ನೆ ಒಂದು ಸಲ ಭೇಟಿಯಾಗೋದು, ಸೈಟ್ ಬ್ರೋಕರ್ ಖಾತೆ ಜೆರಾಕ್ಸ್ ಹರಡಿಕೊಂಡು ಮಾತಾಡೋದು, ಸ್ಟಾರ್ಟಪ್ ಹುಡುಗರು ಒಂದೇ ಪ್ಲಗ್ ಪಾಯಿಂಟಿಗೆ ಮೂರು ಲ್ಯಾಪ್‌ಟಾಪ್ ಸಿಕ್ಕಿಸೋದು, ಎಲ್ಲ ಅಲ್ಲೇ. ಹೈವೇ ಔಟ್‌ಲೆಟ್‌ಗಳದ್ದು ಬೇರೆಯೇ ಪುಣ್ಯ. ಮಕ್ಕಳನ್ನು ಕರೆದುಕೊಂಡು ದೂರ ಹೋಗುವವರು ಅಲ್ಲಿ ಗಾಡಿ ನಿಲ್ಲಿಸುವುದು ಟಾಯ್ಲೆಟ್‌ಗೆ, ಆ ಋಣಕ್ಕೆ ಒಂದು ಕಾಫಿ.

ಕಾಫಿ ಹೇಗಿದೆ ಅಂದರೆ, ಪರವಾಗಿಲ್ಲ. ಚಿಕೋರಿ ಬೆರೆತ ಗಟ್ಟಿ ಡಿಕಾಕ್ಷನ್‌ಗೆ ಪಳಗಿದ ನಾಲಿಗೆಗೆ ಕಪುಚಿನೋ ಸ್ವಲ್ಪ ಸಪ್ಪೆಯೇ. ಕೋಲ್ಡ್ ಕಾಫಿಯಲ್ಲಿ ಇವರ ಕೈ ಕುದುರಿದೆ. ಡೆವಿಲ್ಸ್ ಓನ್ ತಗೊಳ್ಳಿ, ಊಟದಷ್ಟೇ ಹೊಟ್ಟೆ ತುಂಬುತ್ತದೆ. ಸಿಜ್ಲಿಂಗ್ ಬ್ರೌನಿ ಬಂದರೆ ಪಕ್ಕದ ಟೇಬಲ್‌ನವರೂ ತಿರುಗಿ ನೋಡುತ್ತಾರೆ, ಕಾದ ತಟ್ಟೆಗೆ ಚಾಕೊಲೇಟ್ ಬಿದ್ದು ಚುರ್ ಅನ್ನುವ ಸದ್ದಿಗೇ ಅರ್ಧ ದುಡ್ಡು ವಸೂಲು. ಇಷ್ಟಕ್ಕೆ ಐದರಲ್ಲಿ ಮೂರೂವರೆ ಮಾರ್ಕು ಕೊಡುತ್ತೇನೆ.

ಇನ್ನು ಕಂಪನಿ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು.

1996ರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಮೊದಲ ಅಂಗಡಿ ತೆರೆದಾಗ ಅದು ಸೈಬರ್ ಕೆಫೆ. ಕಾಫಿ ಜೊತೆ ಒಂದು ಗಂಟೆ ಇಂಟರ್ನೆಟ್, ಎರಡೂ ಸೇರಿ 100 ರೂಪಾಯಿ. ಮಾಡಿದವರು ಚಿಕ್ಕಮಗಳೂರಿನ ಪ್ಲಾಂಟರ್ ಕುಟುಂಬದ ವಿ.ಜಿ. ಸಿದ್ಧಾರ್ಥ. ಬೀಜ ಸ್ವಂತ ತೋಟದ್ದು, ಹುರಿಯೋದು ಸ್ವಂತ, ಆಫೀಸುಗಳಲ್ಲಿ ಗುಂಡಿ ಒತ್ತಿದರೆ ಕಾಫಿ ಸುರಿಸುವ ಮೆಷಿನ್ ಸ್ವಂತ. ಗಿಡದಿಂದ ಕಪ್‌ವರೆಗೆ ಎಲ್ಲ ಒಬ್ಬರದೇ ಕೈಯಲ್ಲಿ. ಮಲೆನಾಡಿನ ಎಷ್ಟೋ ಹುಡುಗ ಹುಡುಗಿಯರು ಇವರಿಂದ ಬೆಂಗಳೂರಿಗೆ ಬಂದು ಸಂಬಳ ಎಣಿಸಿದರು. ಇದನ್ನು ಯಾರೂ ಅಲ್ಲಗಳೆಯೋಕೆ ಆಗಲ್ಲ.

ಆದರೆ ಕೈ ಕಾಫಿಯಲ್ಲೇ ನಿಲ್ಲಲಿಲ್ಲ. ಟೆಕ್ ಪಾರ್ಕ್, ಸರಕು ಸಾಗಿಸುವ ಸಿಕಾಲ್ ಲಾಜಿಸ್ಟಿಕ್ಸ್, ಷೇರು ದಲ್ಲಾಳಿ ಕಂಪನಿ ವೇ2ವೆಲ್ತ್, ರೆಸಾರ್ಟ್. 2015ರಲ್ಲಿ ಇವೆಲ್ಲದರ ಮಾತೃಸಂಸ್ಥೆ ಕಾಫಿ ಡೇ ಎಂಟರ್‌ಪ್ರೈಸಸ್‌ನ ಐಪಿಒ, ಅಂದರೆ ಜನರಿಗೆ ಮೊದಲ ಸಲದ ಷೇರು ಮಾರಾಟ, ಬಂತು. ಷೇರಿಗೆ 328 ರೂಪಾಯಿಯಂತೆ 1,150 ಕೋಟಿ ಎತ್ತಿದರು. ಹೊರಗಿನವರ ದುಡ್ಡು ಬಂದ ಮೇಲೆ ಆಟದ ನಿಯಮ ಬದಲಾಗಬೇಕು, ಅಲ್ವಾ? ನಮ್ಮ ಪ್ಲಾಂಟರ್ ಮನೆಗಳಲ್ಲಿ ತೋಟದ ಲೆಕ್ಕ, ಮನೆ ಲೆಕ್ಕ, ಮಗಳ ಮದುವೆ ಲೆಕ್ಕ ಎಲ್ಲ ಒಂದೇ ಪುಸ್ತಕದಲ್ಲಿ ಬರೆಯುವ ರೂಢಿ. ಫಸಲು ಬಂದಾಗ ಸರಿಹೋಗುತ್ತದೆ ಅನ್ನೋ ಧೈರ್ಯ. ದುಡ್ಡು ಒಬ್ಬನದೇ ಆಗಿದ್ದಾಗ ಯಾರಿಗೂ ತೊಂದರೆ ಇಲ್ಲ. ಲಿಸ್ಟೆಡ್ ಕಂಪನಿಯಲ್ಲಿ ಹಾಗೆ ನಡೆಯೋಲ್ಲ.

2019ರ ಮಾರ್ಚ್‌ನಲ್ಲಿ ಸಿದ್ಧಾರ್ಥ ಐಟಿ ಕಂಪನಿ ಮೈಂಡ್‌ಟ್ರೀಯಲ್ಲಿದ್ದ ತಮ್ಮ ಪಾಲನ್ನು ಎಲ್ ಅಂಡ್ ಟಿಗೆ ಮಾರಿದರು. ಮೂರು ಸಾವಿರ ಕೋಟಿಗೂ ಜಾಸ್ತಿ ಬಂತು, ಸಾಲ ಆದರೂ ತೀರಲಿಲ್ಲ. ಜುಲೈ 29ರ ಸಂಜೆ ಮಂಗಳೂರಿನ ಹತ್ತಿರ ನೇತ್ರಾವತಿ ಸೇತುವೆಯ ಬಳಿ ಕಾಣೆಯಾದರು, 31ಕ್ಕೆ ಶವ ಸಿಕ್ಕಿತು. ಅವರ ಹೆಸರಲ್ಲಿ ಹೊರಬಂದ ಪತ್ರದಲ್ಲಿ ಬಂಡವಾಳ ಹೂಡಿದ್ದ ಪ್ರೈವೇಟ್ ಇಕ್ವಿಟಿ ಪಾಲುದಾರರೊಬ್ಬರ ಒತ್ತಡ, ಆದಾಯ ತೆರಿಗೆ ಅಧಿಕಾರಿಯೊಬ್ಬರ ಕಿರುಕುಳ ಎರಡರ ಮಾತೂ ಇತ್ತು. ತೆರಿಗೆ ಇಲಾಖೆ ನಾವು ಕಾನೂನಿನ ಪ್ರಕಾರವೇ ನಡೆದುಕೊಂಡಿದ್ದೇವೆ ಅಂದಿತು. ಊರೆಲ್ಲ ಆ ಎರಡು ಸಾಲುಗಳನ್ನೇ ಹಿಡಿದು ಮಾತಾಡಿತು. ನನಗೆ ಇವತ್ತಿಗೂ ಗಂಟಲಲ್ಲಿ ಸಿಕ್ಕಿಕೊಂಡಿರೋದು ಬೇರೆ ಸಾಲು: ನನ್ನ ವ್ಯವಹಾರಗಳು ನನ್ನ ತಂಡಕ್ಕಾಗಲಿ, ಆಡಿಟರ್‌ಗಳಿಗಾಗಲಿ, ಹಿರಿಯ ಅಧಿಕಾರಿಗಳಿಗಾಗಲಿ ಗೊತ್ತಿರಲಿಲ್ಲ, ಹೊಣೆ ನನ್ನೊಬ್ಬನದೇ ಅನ್ನುವ ಅರ್ಥದ್ದು.

ಗೊತ್ತೇ ಇರಲಿಲ್ಲವಾ? ಕಂಪನಿ ನೇಮಿಸಿದ ತನಿಖೆಯ ವರದಿ 2020ರ ಜುಲೈನಲ್ಲಿ ಬಂತು. ಕಾಫಿ ಡೇಯ ಅಂಗಸಂಸ್ಥೆಗಳಿಗೆ ಮೈಸೂರು ಅಮಾಲ್ಗಮೇಟೆಡ್ ಕಾಫಿ ಎಸ್ಟೇಟ್ಸ್ ಕೊಡಬೇಕಾದ ಬಾಕಿ 3,535 ಕೋಟಿ ಅಂತ ಅದರಲ್ಲಿತ್ತು. ಈ ಎಸ್ಟೇಟ್ ಕಂಪನಿ ಯಾರದು? ಪ್ರವರ್ತಕರ ಕುಟುಂಬದ್ದೇ. ಅಂದರೆ ಷೇರುದಾರರ ಪಾಲಿದ್ದ ಮನೆಯಿಂದ ದುಡ್ಡು ಹೊರಟು ಮಾಲೀಕರ ಖಾಸಗಿ ಮನೆಗೆ ಹೋಗಿ ಕೂತಿದೆ. ಒಂದೇ ಕಂಪನಿಯಿಂದ ಅಲ್ಲ, ಏಳು ಅಂಗಸಂಸ್ಥೆಗಳಿಂದ. ಅಷ್ಟು ಕಡೆ ಚೆಕ್‌ಗೆ ಸಹಿ ಬಿದ್ದಿರಬೇಕು, ಎಂಟ್ರಿ ಆಗಿರಬೇಕು, ಬ್ಯಾಂಕ್ ಸ್ಟೇಟ್‌ಮೆಂಟ್ ಬಂದಿರಬೇಕು, ವರ್ಷಕ್ಕೊಮ್ಮೆ ಆಡಿಟರ್ ಕೂತು ಟಿಕ್ ಹಾಕಿರಬೇಕು. ನಮ್ಮ ಅಪಾರ್ಟ್‌ಮೆಂಟ್ ಸಂಘದಲ್ಲಿ ನೀರಿನ ಟ್ಯಾಂಕರ್ ಬಿಲ್ ಒಂದು ಕಾಣದಿದ್ದರೆ ಅಂಕಲ್‌ಗಳು ವಾಟ್ಸಾಪ್‌ನಲ್ಲಿ ರಾತ್ರಿ ಹನ್ನೊಂದರವರೆಗೆ ಜಗಳ ಆಡುತ್ತಾರೆ. ಇಲ್ಲಿ ಸಾವಿರಾರು ಕೋಟಿ.

ಆಡಿಟ್ ಮಾಡಿದ ಸಂಸ್ಥೆಗಳನ್ನು ಆಮೇಲೆ ಆಡಿಟರ್‌ಗಳ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ ಎನ್‌ಎಫ್‌ಆರ್‌ಎ ಹಿಡಿಯಿತು, ದಂಡ ಹಾಕಿತು. 2023ರ ಜನವರಿಯಲ್ಲಿ ಷೇರುಪೇಟೆ ನಿಯಂತ್ರಕ ಸೆಬಿ ಕಾಫಿ ಡೇ ಎಂಟರ್‌ಪ್ರೈಸಸ್‌ಗೆ 26 ಕೋಟಿ ದಂಡ ಹಾಕಿತು. ಇದರಲ್ಲಿರುವ ತಮಾಷೆ ಕಹಿಯಾದದ್ದು. ದುಡ್ಡು ಕಳೆದುಕೊಂಡದ್ದು ಕಂಪನಿ, ದಂಡ ಬಿದ್ದದ್ದೂ ಕಂಪನಿಗೆ. 328ಕ್ಕೆ ಷೇರು ಕೊಂಡವನು ಎರಡು ಸಲ ತೆತ್ತ ಹಾಗಾಯಿತು.

ಸಿದ್ಧಾರ್ಥ ಕೆಟ್ಟ ಮನುಷ್ಯ ಅಂತ ನಾನು ಹೇಳುತ್ತಿಲ್ಲ. ಚಿಕ್ಕಮಗಳೂರು, ಮೂಡಿಗೆರೆ ಕಡೆ ಹಾಗಂದರೆ ಚಹಾನೂ ಸಿಗಲ್ಲ, ಕಾಫಿ ದೂರದ ಮಾತು. ದುಡ್ಡು ಐಷಾರಾಮಕ್ಕೇ ಹೋಯಿತು ಅಂತಲೂ ನಾನು ಹೇಳಲಾರೆ. ನನ್ನ ತಕರಾರು ನಮ್ಮ ಮೇಲೆ. "ಅವರು ಒಳ್ಳೆಯವರು" ಅಂದ ಕೂಡಲೇ ಲೆಕ್ಕ ಕೇಳುವುದನ್ನು ನಿಲ್ಲಿಸಿಬಿಡುತ್ತೇವೆ. ಬೋರ್ಡ್‌ನಲ್ಲಿ ಕೂತವರೂ ಅದನ್ನೇ ಮಾಡಿದರು, ಸಾಲ ಕೊಟ್ಟವರೂ ಅದನ್ನೇ ಮಾಡಿದರು. ಒಳ್ಳೆಯ ಮನುಷ್ಯನನ್ನು ಮೂರು ವರ್ಷ ಮುಂಚೆ ಯಾರಾದರೂ ಕೂರಿಸಿಕೊಂಡು ಗಟ್ಟಿಯಾಗಿ ಕೇಳಿದ್ದರೆ ಅದು ಅವರಿಗೂ ಉಪಕಾರವೇ ಆಗುತ್ತಿತ್ತು.

ಆಮೇಲಿನದನ್ನು ಬೇಗ ಹೇಳುತ್ತೇನೆ. ಬೆಂಗಳೂರಿನ ಗ್ಲೋಬಲ್ ವಿಲೇಜ್ ಟೆಕ್ ಪಾರ್ಕ್ ಮಾರಿದರು, 2020ರ ಡಿಸೆಂಬರ್‌ನಲ್ಲಿ ಸಿದ್ಧಾರ್ಥ ಅವರ ಪತ್ನಿ ಮಾಳವಿಕಾ ಹೆಗ್ಡೆ ಸಿಇಒ ಆದರು, ಏಳು ಸಾವಿರ ಕೋಟಿ ದಾಟಿದ್ದ ಸಾಲ ಎರಡು ಸಾವಿರ ಕೋಟಿಗಿಂತ ಕೆಳಗೆ ಬಂತು. ಒಂದು ಕಾಲಕ್ಕೆ 1,700ಕ್ಕೂ ಜಾಸ್ತಿ ಇದ್ದ ಕೆಫೆಗಳು 500ರ ಆಚೀಚೆಗೆ ಇಳಿದವು. ಅಂತರ್ಜಾಲದಲ್ಲಿ ಇದನ್ನು ಸಿನಿಮಾ ಕಥೆ ಥರ ಹಂಚುತ್ತಾರೆ, ಸಾಲವೆಲ್ಲ ಕಾಫಿ ಮಾರಿಯೇ ತೀರಿಸಿದರು ಅನ್ನೋ ಹಾಗೆ. ಇಲ್ಲ ಸ್ವಾಮಿ, ಬಹುಪಾಲು ಆಸ್ತಿ ಮಾರಿ ತೀರಿಸಿದ್ದು. ಅದೇನು ಸಣ್ಣ ಕೆಲಸವಲ್ಲ, ಅಂಥ ಹೊತ್ತಲ್ಲಿ ಆ ಕುರ್ಚಿಯಲ್ಲಿ ಕೂರೋಕೆ ಗುಂಡಿಗೆ ಬೇಕು. ಆದರೂ ಪವಾಡ ಅಂತ ಮಾರಬೇಡಿ.

ಹೊಸ ಪೀಳಿಗೆ ಈಗ ಥರ್ಡ್ ವೇವ್, ಬ್ಲೂ ಟೋಕಾಯ್ ಅಂತ ಹೊಸ ಕೆಫೆಗಳಿಗೆ ಹೋಗುತ್ತದೆ. ಸ್ಟಾರ್‌ಬಕ್ಸ್ ಟಾಟಾ ಜೊತೆ ಸೇರಿ 2012ರಲ್ಲೇ ದೇಶಕ್ಕೆ ಬಂತು. ಕೂರೋಕೆ ಜಾಗ ಕೊಟ್ಟು ದುಡ್ಡು ಮಾಡಬಹುದು ಅಂತ ಇವರಿಗೆಲ್ಲ ತೋರಿಸಿಕೊಟ್ಟದ್ದು ಮಾತ್ರ ಬ್ರಿಗೇಡ್ ರಸ್ತೆಯ ಆ ಅಂಗಡಿ.

ಹಾಗಾಗಿ ಮಾರ್ಕು. ಜಾಗಕ್ಕೆ ನಾಲ್ಕು. ಕೌಂಟರ್ ಹಿಂದಿನ ಹುಡುಗರಿಗೆ ನಾಲ್ಕೂವರೆ, ಮೇಲಿನವರ ಲೆಕ್ಕಾಚಾರದಲ್ಲಿ ಅವರದೇನೂ ಪಾಲಿಲ್ಲ, ಅಂಗಡಿ ಮುಚ್ಚಿದಾಗ ಕೆಲಸ ಕಳೆದುಕೊಂಡವರೂ ಅವರೇ. ಆಡಳಿತಕ್ಕೆ ಸೊನ್ನೆ ಕೊಡೋಣ ಅಂತಿದ್ದೆ, ತನಿಖೆ ಮಾಡಿಸಿ ವರದಿಯನ್ನು ತಾವೇ ಹೊರಗೆ ಹಾಕಿದ್ದಕ್ಕೆ ಒಂದು ಇರಲಿ. ಎರಡನೆಯದನ್ನು ಬಾಕಿ ವಸೂಲಾದಾಗ ನೋಡೋಣ. ಸೆಬಿ ಆದೇಶದ ಪ್ರಕಾರ 2022ರ ಸೆಪ್ಟೆಂಬರ್‌ವರೆಗೆ ಆ 3,535 ಕೋಟಿಯಲ್ಲಿ ವಾಪಸ್ ಬಂದಿದ್ದು ಸುಮಾರು 110 ಕೋಟಿ.