ಕುತ್ತಿಗೆಯ ಕೃತಕ ಡಿಸ್ಕ್: ಕೈನೋವು ಹೋಯಿತು, ಬೆಳಗಿನ ನೋವು ಉಳಿಯಿತು

ಕೈಗೆ ಐದಕ್ಕೆ ಐದು, ಕುತ್ತಿಗೆಗೆ ಮೂರು. ಕೆಲವು ವರ್ಷ ಈ ಡಿಸ್ಕ್ ಜೊತೆ ಬಾಳ್ವೆ ಮಾಡಿದ ಮೇಲೆ ನಾನು ಕೊಡುವ ಅಂಕ ಇದು.

ಗದಗಿನ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಪ್ರೂಫ್ ನೋಡುವುದು ನನ್ನ ಕೆಲಸ. ದಿನವಿಡೀ ತಲೆ ಬಗ್ಗಿಸಿಯೇ ಇರಬೇಕು. ಕುತ್ತಿಗೆಯ ಐದನೇ ಮತ್ತು ಆರನೇ ಮೂಳೆಗಳ (ಸಿ5-ಸಿ6) ನಡುವಿನ ಮೆತ್ತೆ, ಅಂದರೆ ಡಿಸ್ಕ್, ಉಬ್ಬಿ ನರವನ್ನು ಒತ್ತುತ್ತಿತ್ತು. ಹೆಬ್ಬೆರಳು, ತೋರುಬೆರಳು ಜೋಮು ಹಿಡಿದು ಕೆಂಪು ಪೆನ್ನು ಕೈಯಿಂದ ಜಾರುತ್ತಿತ್ತು. ಎರಡು ಮೂಳೆ ಸೇರಿಸಿ ಬೆಸೆಯುವ ಆಪರೇಷನ್ನಿಗೆ ಖರ್ಚು ಕಡಿಮೆ. ಆದರೆ ಬೆಸೆದರೆ ಆ ಜಾಗದ ಅಲುಗಾಟ ನಿಂತುಹೋಗುತ್ತದೆ. ಹಾಗಾಗಿ ಸೊಸೈಟಿಯಲ್ಲಿ ಸಾಲ ತೆಗೆದು ಹುಬ್ಬಳ್ಳಿಯಲ್ಲಿ ಕೃತಕ ಡಿಸ್ಕನ್ನೇ ಹಾಕಿಸಿಕೊಂಡೆ.

ಎಚ್ಚರವಾದಾಗ ಕೈಯ ಸೆಳೆತ ಇರಲಿಲ್ಲ! ಆ ಖುಷಿ ಇವತ್ತಿಗೂ ಇದೆ. ಗಂಟಲ ಕಡೆಯಿಂದ ಕೊಯ್ದು ಮಾಡುವ ಆಪರೇಷನ್ ಆದ್ದರಿಂದ ಮೊದಮೊದಲು ನುಂಗೋದು ಕಷ್ಟ. ಕಟಕ ರೊಟ್ಟಿಯ ಮಾತೇ ಬೇಡ. ನನ್ನಾಕೆ ನುಚ್ಚನ್ನು ಮೆತ್ತಗೆ ಬೇಯಿಸಿ, ಮಜ್ಜಿಗೆ ಕಲಸಿ, ಉಪ್ಪು ಹಾಕಿ ಕೊಡುತ್ತಿದ್ದಳು. ಬಿಸಿ ರೊಟ್ಟಿ ಹಾಲಿನಲ್ಲಿ ನೆನೆದು ಗಂಟಲಿಗೆ ಇಳಿದ ದಿನ ಹಬ್ಬ ಮಾಡಿದಷ್ಟು ಸಂತೋಷವಾಯಿತು.

ನನ್ನ ಸಿಟ್ಟೆಲ್ಲ ಎಂಆರ್‌ಐ ರಿಪೋರ್ಟಿನ ಒಂದು ಸಾಲಿನ ಮೇಲೆ. ‘ಮೋಡಿಕ್ ಟೈಪ್ 1’ ಅಂತ ಅದರಲ್ಲಿ ಮೊದಲೇ ಇತ್ತು. ಆಪರೇಷನ್ನಿಗೆ ಮುಂಚೆ ಅದನ್ನು ಯಾರೂ ಬಿಡಿಸಿ ಹೇಳಲಿಲ್ಲ. ತಿಂಗಳುಗಳು ಕಳೆದರೂ ಬೆಳಿಗ್ಗೆ ಏಳುವಾಗ ಕುತ್ತಿಗೆಯ ಆಳದಲ್ಲಿ ನೋವು. ಸಾಲದ ಕಂತು ಕಟ್ಟುವಾಗೆಲ್ಲ ಹೊಟ್ಟೆ ಉರಿಯುತ್ತಿತ್ತು.

ಕೊನೆಗೆ ಇನ್ನೊಬ್ಬ ಡಾಕ್ಟರು ಹಳೇ ಫಿಲ್ಮನ್ನು ಬೆಳಕಿಗೆ ಹಿಡಿದು ತೋರಿಸಿದರು. ಡಿಸ್ಕಿನ ಮೇಲೆ ಕೆಳಗೆ ಮೂಳೆಯ ಅಂಚು ಬೆಳ್ಳಗೆ ಹೊಳೆಯುತ್ತಿತ್ತು. ಅದು ಮೂಳೆಯೊಳಗಿನ ಉರಿಯೂತ ಮತ್ತು ಬಾವು. 1988ರಲ್ಲಿ ಮೋಡಿಕ್ ಎಂಬ ವೈದ್ಯರು ಮತ್ತು ಜೊತೆಯವರು ಇಂಥ ಬದಲಾವಣೆಗಳನ್ನು ವಿಂಗಡಿಸಿದರಂತೆ. ಟೈಪ್ 1 ಅಂದರೆ ಉರಿಯೂತ, 2 ಅಂದರೆ ಮಜ್ಜೆಯಲ್ಲಿ ಕೊಬ್ಬು ತುಂಬಿಕೊಳ್ಳುವುದು, 3 ಅಂದರೆ ಮೂಳೆ ಗಟ್ಟಿಯಾಗುವುದು. ಉಬ್ಬಿದ ಡಿಸ್ಕ್ ತೆಗೆದರೆ ನರ ಬಿಡುಗಡೆಯಾಗುತ್ತದೆ, ಕೈನೋವು ಇಳಿಯುತ್ತದೆ. ಆದರೆ ಹೊಸ ಡಿಸ್ಕ್ ಕೂರುವುದು ಅದೇ ಬಾವು ಬಂದ ಮೂಳೆಯ ಮೇಲೆ ಅಲ್ವಾ? ಅದು ಆರಲು ಸಮಯ ಬೇಕು, ಕೆಲವರಿಗೆ ಪೂರ್ತಿ ಆರುವುದೂ ಇಲ್ಲ. ಇಷ್ಟು ಕೇಳಿದ ಮೇಲೆ ಡಿಸ್ಕಿನ ಮೇಲಿನ ಸಿಟ್ಟು ಇಳಿಯಿತು. ಹೇಳದೆ ಬಿಟ್ಟವರ ಮೇಲಿನದು ಇಳಿದಿಲ್ಲ. ನಿಮ್ಮ ರಿಪೋರ್ಟಿನಲ್ಲಿ ಈ ಪದ ಕಂಡರೆ, ಸಹಿ ಹಾಕುವ ಮುಂಚೆಯೇ ಕೂತು ಕೇಳಿ: ನನ್ನ ನೋವಿನಲ್ಲಿ ನರದ ಪಾಲೆಷ್ಟು, ಮೂಳೆಯ ಪಾಲೆಷ್ಟು?

ಈಗ ಬೆಳಿಗ್ಗೆ ಎದ್ದ ಕೂಡಲೇ ಬಿಸಿನೀರಲ್ಲಿ ಹಿಂಡಿದ ಟವೆಲ್ ಹೆಗಲ ಮೇಲೆ. ಅದು ಆರುವವರೆಗೆ ಚಹಾ. ಆಮೇಲೆ ಗೋಡೆಗೆ ಬೆನ್ನು ಆನಿಸಿ ಗದ್ದವನ್ನು ಹಿಂದಕ್ಕೆಳೆದು ಹಿಡಿಯುವ ವ್ಯಾಯಾಮ. ಸ್ನಾನದ ಹೊತ್ತಿಗೆ ನೋವು ಸುಮಾರು ಇಳಿದಿರುತ್ತದೆ. ಪ್ರೂಫನ್ನು ಈಗ ಓರೆ ಹಲಗೆಯ ಮೇಲೆ ಇಟ್ಟು ಓದುತ್ತೇನೆ. ಬೈಕಿನಲ್ಲಿ ಹೋಗುವಾಗ ಹಿಂದೆ ಬರುವ ಬಸ್ಸನ್ನು ತಿರುಗಿ ನೋಡಬಲ್ಲೆ.

ಡಿಸ್ಕಿನ ಸುತ್ತ ಹೊಸ ಮೂಳೆ ಬೆಳೆದು ಅಲುಗಾಟ ನಿಲ್ಲುವುದೂ ಉಂಟು. ಅದಕ್ಕೇ ತಲೆ ಬಗ್ಗಿಸಿ ಒಂದು, ಹಿಂದಕ್ಕೆ ವಾಲಿಸಿ ಒಂದು ಎಕ್ಸ್‌ರೇ ಆಗಾಗ ತೆಗೆಸುತ್ತೇನೆ. ಹೋದ ಸಲ ಮುಂಭಾಗದಲ್ಲಿ ಸ್ವಲ್ಪ ಮೂಳೆ ಕಾಣಿಸಿತು, ಆದರೆ ಡಿಸ್ಕ್ ಇನ್ನೂ ಅಲುಗುತ್ತಿದೆ. ಮುಂದಿನದು ದೀಪಾವಳಿ ಆದಮೇಲೆ.