ಕಿಟಕಿ ಬೇಡ, ನಡುಭಾಗ ಕೊಡಿ: ಲಕ್ಷದ್ವೀಪದ ಹಡಗಿನಲ್ಲಿ ನಮಗೆ ಒಗ್ಗಿದ ಕ್ಯಾಬಿನ್

ನನ್ನ ಅಮ್ಮನಿಗೆ ಬಸ್ ಪ್ರಯಾಣ ಆಗುವುದಿಲ್ಲ. ಆಗುಂಬೆ ಘಾಟಿಯಲ್ಲಿ 14 ತಿರುವು, ಮೂರನೆಯದಕ್ಕೇ ನಿಂಬೆಹಣ್ಣು ಮೂಗಿಗೆ ಬರುತ್ತದೆ. ಅಂಥವಳಿಗೆ ಹಡಗು ಹತ್ತುವ ಆಸೆ. ಎರಡು ಸಲ ಹೋಗಿ ಬಂದೆವು. ಒಂದು ಸಲ ರಾತ್ರಿಯಿಡೀ ವಾಂತಿ, ಇನ್ನೊಂದು ಸಲ ಬೆಳಗಾಗುವವರೆಗೆ ನಿದ್ದೆ. ಎರಡರ ನಡುವೆ ಬದಲಾದದ್ದರಲ್ಲಿ ದೊಡ್ಡದು ಕ್ಯಾಬಿನ್ ಇದ್ದ ಜಾಗ, ಹಾಗಾಗಿ ಅದರ ಬಗ್ಗೆಯೇ ಬರೆಯುತ್ತಿದ್ದೇನೆ.

ಮೊದಲ ಸಲ ಹೋದದ್ದು ಬೇರೆ ಹಡಗು, ಬೇರೆ ದಾರಿ. ಹೆಸರು ಬೇಡ, ತಪ್ಪು ಹಡಗಿನದಲ್ಲ. ಮಳೆಗಾಲ ಮುಗಿಯುತ್ತಿದ್ದ ಹಾಗೇ ಹೊರಟಿದ್ದೆವು, ಸಮುದ್ರ ಇನ್ನೂ ತಣ್ಣಗಾಗಿರಲಿಲ್ಲ. ಅಮ್ಮನಿಗೆ ಚೆನ್ನಾಗಿರಲಿ ಎಂದು ಜಾಸ್ತಿ ದುಡ್ಡು ಕೊಟ್ಟು ಮೇಲಿನ ಡೆಕ್ಕಿನಲ್ಲಿ, ತೀರಾ ಮುಂಭಾಗದ, ದೊಡ್ಡ ಕಿಟಕಿಯ ಕ್ಯಾಬಿನ್ ತೆಗೆದುಕೊಂಡಿದ್ದೆ. ಸಂಜೆ ಆರರವರೆಗೆ ಎಲ್ಲವೂ ಚೆಂದ. ಕತ್ತಲಾದ ಮೇಲೆ ಕಿಟಕಿಯಲ್ಲಿ ಕಾಣುವುದು ನಮ್ಮ ಮುಖವೇ. ಹಡಗಿನ ಮೂತಿ ಅಲೆಯ ಮೇಲೆ ಏರಿ ಧೊಪ್ ಎಂದು ಇಳಿಯುವಾಗ ಹಾಸಿಗೆಯೇ ಬೆನ್ನಿನಿಂದ ಜಾರಿ ಕೆಳಗೆ ಹೋದಂತೆ ಆಗುತ್ತಿತ್ತು. ಬಾಗಿಲ ಹಿಂದಿನ ಕೊಕ್ಕೆಗೆ ಟವೆಲ್ ನೇತು ಹಾಕಿದ್ದೆ. ಅದು ಗೋಡೆ ಬಿಟ್ಟು ಒಂದು ಗೇಣು ಈಚೆಗೆ ಬಂದು, ಗಾಳಿಯಲ್ಲಿ ಸ್ವಲ್ಪ ನಿಂತು, ಮತ್ತೆ ಗೋಡೆಗೆ ಹೋಗಿ ಬಡಿಯುತ್ತಿತ್ತು. ಅಮ್ಮ ಅದನ್ನು ನೋಡಲಾಗದೆ ಗೋಡೆ ಕಡೆ ಮುಖ ಮಾಡಿ ಮಲಗಿದಳು. ಬೆಳಗಿನ ಹೊತ್ತಿಗೆ ಅವಳ ಹೊಟ್ಟೆಯಲ್ಲಿ ನೀರು ಕೂಡ ಉಳಿದಿರಲಿಲ್ಲ.

ಆಮೇಲೆ ಕೂತು ಯೋಚಿಸಿದರೆ ವಿಷಯ ಬಹಳ ಸರಳ. ತಕ್ಕಡಿ ನೋಡಿದ್ದೀರಲ್ಲ, ಎರಡು ತಟ್ಟೆ ಎಷ್ಟೇ ಮೇಲೆ ಕೆಳಗೆ ಆಡಿದರೂ ನಡುವಿನ ಹಿಡಿ ಇದ್ದಲ್ಲೇ ಇರುತ್ತದೆ. ಹಡಗೂ ಹಾಗೆಯೇ. ಮೂತಿ ಎದ್ದಾಗ ಹಿಂಭಾಗ ಇಳಿಯುತ್ತದೆ, ನಡುಭಾಗ ಮಾತ್ರ ಕಡಿಮೆ ಅಲುಗುತ್ತದೆ. ಘಾಟಿಯಲ್ಲಿ ಕೆಂಪು ಬಸ್ಸಿನ ಕೊನೆಯ ಸೀಟಿಗಿಂತ ಎರಡು ಚಕ್ರಗಳ ನಡುವಿನ ಸೀಟು ವಾಸಿ ಅಂತ ನಮಗೆಲ್ಲ ಗೊತ್ತು, ಆದರೆ ಹಡಗಿನ ಟಿಕೆಟ್ ತೆಗೆಯುವಾಗ ಅದು ನೆನಪಿಗೇ ಬರುವುದಿಲ್ಲ. ಪಕ್ಕಕ್ಕೆ ವಾಲುವುದೂ ಇದೆ. ಅದು ಎತ್ತರ ಹೋದಷ್ಟೂ ಜಾಸ್ತಿ. ತೆಂಗಿನ ಮರದ ಬುಡಕ್ಕೂ ಸುಳಿಗೂ ಇರುವಷ್ಟು ವ್ಯತ್ಯಾಸ. ಸಣ್ಣ ಹಡಗಿನಲ್ಲಿ ಇದೆಲ್ಲ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ, ಯಾಕೆಂದರೆ ಸಾವಿರಾರು ಜನ ಹಿಡಿಸುವ ದೊಡ್ಡ ಕ್ರೂಸ್ ಹಡಗು ನುಂಗಿಕೊಳ್ಳುವ ಅಲೆಗೆ ಸಣ್ಣದು ಎದ್ದು ಕೂರುತ್ತದೆ. ಐದಾರು ಸೆಕೆಂಡಿಗೊಮ್ಮೆ ನಿಧಾನಕ್ಕೆ ಏರಿ ಇಳಿಯುವ ಚಲನೆಯೇ ಹೊಟ್ಟೆಗೆ ಎಲ್ಲಕ್ಕಿಂತ ಕಷ್ಟ. ಬೇಗ ಬೇಗ ಅಲುಗಾಡುವುದನ್ನು ದೇಹ ಹೇಗೋ ತಾಳಿಕೊಳ್ಳುತ್ತದೆ.

ಎರಡನೇ ಸಲ ಲಕ್ಷದ್ವೀಪ. ಕೊಚ್ಚಿಯಿಂದ ಎಂ.ವಿ. ಕವರತ್ತಿ ಹಡಗಿನಲ್ಲಿ 'ಸಮುದ್ರಂ' ಪ್ಯಾಕೇಜ್. ಸುಮಾರು 700 ಜನ ಹಿಡಿಸುವ ಹಡಗು. ಹಗಲು ಕಲ್ಪೇನಿ, ಮಿನಿಕಾಯ್, ಕವರತ್ತಿ ದ್ವೀಪಗಳಲ್ಲಿ ಸುತ್ತಾಟ, ರಾತ್ರಿ ಮಲಗುವುದು ಹಡಗಿನಲ್ಲೇ. ಹಾಗಾಗಿ ಇಲ್ಲಿ ಕ್ಯಾಬಿನ್ ಅಂದರೆ ಸುಮ್ನೆ ಸಾಮಾನು ಇಡುವ ಜಾಗ ಅಲ್ಲ, ನಾಲ್ಕು ರಾತ್ರಿಯ ಮನೆ. ಡೈಮಂಡ್ ಕ್ಲಾಸ್ ಅಂದರೆ ಇಬ್ಬರ ಕ್ಯಾಬಿನ್, ಗೋಲ್ಡ್ ಅಂದರೆ ನಾಲ್ವರದ್ದು. ನಾವು ಇಬ್ಬರೇ, ಡೈಮಂಡ್ ತೆಗೆದುಕೊಂಡೆವು. ಒಳಗೇ ಬಾತ್‌ರೂಮ್ ಇರುವುದು ಮುಖ್ಯ ಕಾರಣ. ಹೊಟ್ಟೆ ತೊಳಸುವಾಗ ಗೋಡೆ ಹಿಡಿದುಕೊಂಡು ಕಾರಿಡಾರಿನಲ್ಲಿ ಓಡುವ ಸಂಕಟ ಒಮ್ಮೆ ಅನುಭವಿಸಿದರೆ ಸಾಕು.

ಬುಕ್ ಮಾಡುವಾಗಲೇ ಬರೆದು ಕೇಳಿದ್ದೆ: ಅಮ್ಮನಿಗೆ ವಾಂತಿಯ ತೊಂದರೆ ಇದೆ, ನಡುಭಾಗದಲ್ಲಿ, ಆದಷ್ಟು ಕೆಳಗಿನ ಡೆಕ್ಕಿನಲ್ಲಿ ಕೊಡಿ, ಹೊರಗಿನ ನೋಟ ಇಲ್ಲದಿದ್ದರೂ ಪರವಾಗಿಲ್ಲ. ಹತ್ತುವ ದಿನ ಮತ್ತೆ ನೆನಪಿಸಿದೆ. ಸಿಕ್ಕಿತು. ದಯವಿಟ್ಟು ಕೇಳಿ, ಸಂಕೋಚ ಬೇಡ. ಹೆಚ್ಚಿನ ಜನ ಕೇಳುವುದು ಕಿಟಕಿ, ಎತ್ತರ, ನೋಟ. ನೀವು ಕೇಳುವುದು ಯಾರಿಗೂ ಬೇಡದ ಜಾಗ, ಹಾಗಾಗಿ ಸಿಗುವ ಸಾಧ್ಯತೆ ಜಾಸ್ತಿ.

ಕಲ್ಪೇನಿಯಿಂದ ಮಿನಿಕಾಯ್‌ಗೆ ಹೋಗುವ ರಾತ್ರಿ ನೈನ್ ಡಿಗ್ರಿ ಚಾನಲ್ ದಾಟಬೇಕು. ಒಂಬತ್ತು ಡಿಗ್ರಿ ಅಕ್ಷಾಂಶ ಹಾದು ಹೋಗುವ ಜಾಗ ಅದು, ಸುಮಾರು 200 ಕಿ.ಮೀ. ಅಗಲದ ಬರೀ ಸಮುದ್ರ. ಫೆಬ್ರವರಿ ಆದ್ದರಿಂದ ಅಲ್ಲಿಯವರೆಗೆ ನೀರು ಶಾಂತವಾಗಿತ್ತು. ಅವತ್ತು ರಾತ್ರಿ ಉದ್ದುದ್ದ ಅಲೆ ಶುರುವಾಯಿತು. ನನಗೆ ತಡೆಯಲಾಗಲಿಲ್ಲ, ಅರ್ಧ ನೀರಿದ್ದ ಬಾಟಲಿ ಹಿಡಿದು ಎದ್ದೆ. "ಬಾಟ್ಲಿ ಹಿಡ್ಕೊಂಡು ಈ ಹೊತ್ತಲ್ಲಿ ಎಲ್ಲಿಗೋ?" ಅಂತ ಅಮ್ಮ. ಅವಳು ಮಾತಾಡುವ ಸ್ಥಿತಿಯಲ್ಲಿ ಇದ್ದಾಳೆ ಎಂಬುದೇ ನನಗೆ ದೊಡ್ಡ ಸಮಾಧಾನ.

ಕ್ಯಾಬಿನ್ನಿನ ನೆಲದ ಮೇಲೆ ಬಾಟಲಿ ಇಟ್ಟರೆ ಒಳಗಿನ ನೀರು ಆಚೆ ಈಚೆ ಒಂದು ಬೆರಳಿನಷ್ಟು ಓರೆಯಾಗುತ್ತಿತ್ತು. ಹೋಗಲು ಬಿಡುವಷ್ಟು ದೂರ ಮುಂಭಾಗಕ್ಕೆ ನಡೆದು ಹೋಗಿ ಅಲ್ಲಿ ಇಟ್ಟರೆ ಬಾಟಲಿ ನಿಲ್ಲಲೇ ಇಲ್ಲ, ಕೈಯಲ್ಲಿ ಹಿಡಿದೇ ನೋಡಬೇಕಾಯಿತು. ನನ್ನ ಮೊಣಕಾಲೂ ಅದನ್ನೇ ಹೇಳುತ್ತಿತ್ತು: ಒಮ್ಮೆ ಮೈ ಭಾರ, ಒಮ್ಮೆ ಹಗುರ. ಅದೇ ಹಡಗು, ಅದೇ ಅಲೆ, ಅದೇ ಹತ್ತು ನಿಮಿಷ. ವಾಪಸ್ ಬಂದಾಗ ಟವೆಲ್ ನೋಡಿದೆ. ಗೋಡೆಯಿಂದ ಎರಡು ಬೆರಳು ಈಚೆಗೆ ಬಂದು ಹೋಗುತ್ತಿತ್ತು, ಅಷ್ಟೇ. ಅಮ್ಮ ಅಷ್ಟರಲ್ಲಿ ಗೊರಕೆ ಹೊಡೆಯುತ್ತಿದ್ದಳು.

ಋತು ಬೇರೆ ಇತ್ತು, ಮಾತ್ರೆಯೂ ಇತ್ತು, ಅದನ್ನೂ ಹೇಳಬೇಕು. ಮೊದಲ ಸಲ ವಾಂತಿ ಶುರುವಾದ ಮೇಲೆ ಮಾತ್ರೆ ಕೊಟ್ಟಿದ್ದೆ, ಅದು ಹಾಗೇ ಹೊರಗೆ ಬಂತು. ಈ ಸಲ ಡಾಕ್ಟರ್ ಹತ್ತಿರ ಕೇಳಿ, ಹಡಗು ಹತ್ತುವ ಒಂದು ಗಂಟೆ ಮೊದಲೇ ಅವೋಮಿನ್ ಕೊಟ್ಟೆ. ನಿದ್ದೆ ಬರಿಸುತ್ತದೆ, ಬಾಯಿ ಒಣಗುತ್ತದೆ. ಬಿಪಿ, ಕಣ್ಣಿನ ಒತ್ತಡ ಇತ್ಯಾದಿಗೆ ಬೇರೆ ಮಾತ್ರೆ ತೆಗೆದುಕೊಳ್ಳುವ ಹಿರಿಯರಿಗೆ ಕೇಳದೆ ಕೊಡಬೇಡಿ. ಶುಂಠಿ ಚೂರು, ಉಪ್ಪಿನ ಬಿಸ್ಕತ್ತು ಜೊತೆಗಿದ್ದವು. ಖಾಲಿ ಹೊಟ್ಟೆ ಒಳ್ಳೆಯದು ಅಂತ ಅಮ್ಮನ ನಂಬಿಕೆ, ನಿಜ ಹಾಗಲ್ಲ. ಸ್ವಲ್ಪ ಏನಾದರೂ ಇರಬೇಕು.

ನಡುಭಾಗ ಸಿಗದಿದ್ದರೆ ಮುಂದೆಯೋ ಹಿಂದೆಯೋ ಅಂತ ಕೇಳಿದರೆ, ನಾನು ಹಿಂದೆ ಅನ್ನುತ್ತೇನೆ, ಆದರೆ ತೀರಾ ತುದಿ ಬೇಡ. ಸಾಮಾನ್ಯವಾಗಿ ಹಿಂದೆ ಇಂಜಿನ್ನಿನ ಗುರ್ ಸದ್ದು, ನಡುಕ ಇರುತ್ತದೆ, ಡೀಸೆಲ್ ವಾಸನೆಯೂ ಬರಬಹುದು. ವಾಸನೆಗೆ ಹೊಟ್ಟೆ ಕಿವುಚುವವರು ಅಡುಗೆಮನೆ ಎಲ್ಲಿದೆ ಅಂತಲೂ ಕೇಳಿ. ಮಂಚ ಹಡಗಿನ ಉದ್ದಕ್ಕೆ ಇದೆಯೋ ಅಡ್ಡಕ್ಕೆ ಇದೆಯೋ ನೋಡಿ. ಉದ್ದಕ್ಕಿದ್ದರೆ ಹಡಗು ವಾಲಿದಾಗ ತೊಟ್ಟಿಲಿನಲ್ಲಿ ಮಗ್ಗುಲು ಬದಲಿಸಿದಂತೆ. ಅಡ್ಡಕ್ಕಿದ್ದರೆ ಒಮ್ಮೆ ತಲೆ ಮೇಲೆ, ಒಮ್ಮೆ ಕಾಲು ಮೇಲೆ. ನಮ್ಮಿಬ್ಬರಿಗೂ ಉದ್ದಕ್ಕಿರುವುದೇ ಹಿತ.

ಹಾಗಾದರೆ ಕಿಟಕಿ ಬೇಡವೇ ಬೇಡವಾ? ಸಮುದ್ರ ಆಕಾಶ ಕೂಡುವ ಗೆರೆ ನೋಡುತ್ತಿದ್ದರೆ ತಲೆಸುತ್ತು ಇಳಿಯುತ್ತದೆ ಅನ್ನುವುದು ನಿಜ. ಕಣ್ಣಿಗೂ ಕಿವಿಯೊಳಗಿನ ಸಮತೋಲಕ್ಕೂ ಜಗಳ ನಿಲ್ಲುತ್ತದೆ. ಆದರೆ ಆ ಗೆರೆ ಡೆಕ್ಕಿಗೆ ಹೋದರೆ ದುಡ್ಡು ಕೊಡದೇ ಸಿಗುತ್ತದೆ, ಜೊತೆಗೆ ತಣ್ಣನೆ ಗಾಳಿ. ಹಗಲು ಪೂರ್ತಿ ಅಲ್ಲೇ ಇದ್ದೆವು. ಕ್ಯಾಬಿನ್ನಿಗೆ ಬಂದದ್ದು ಕಣ್ಣು ಮುಚ್ಚಿ ಮಲಗುವುದಕ್ಕೆ, ಕಣ್ಣು ಮುಚ್ಚಿದವರಿಗೆ ಕಿಟಕಿ ಯಾಕೆ? ಒಳಗೆ ಕೂತು ಮೊಬೈಲ್ ನೋಡುವುದಂತೂ ಬೇಡವೇ ಬೇಡ.

ಇನ್ನೊಂದು ವಿಷಯ. ಹಡಗು ಓಡುವಾಗಿನದಕ್ಕಿಂತ ನಿಂತಾಗ ಅಲುಗಾಟ ಜಾಸ್ತಿ ಅನ್ನಿಸಬಹುದು. ದ್ವೀಪದ ಸುತ್ತಲಿನ ಹವಳದ ದಿಬ್ಬದ ಹೊರಗೆ ಹಡಗು ನಿಲ್ಲುತ್ತದೆ, ಅಲ್ಲಿಂದ ಸಣ್ಣ ದೋಣಿಗೆ ಇಳಿಯಬೇಕು. ಆ ಹೊತ್ತು ಅಲೆ ಪಕ್ಕಕ್ಕೆ ಬಡಿದರೆ ಹಡಗು ಸುಮ್ನೆ ತೂಗುತ್ತದೆ. ಹೊರಡಲು ಕರೆಯುವವರೆಗೆ ಕ್ಯಾಬಿನ್ನಿನಲ್ಲಿ ಬ್ಯಾಗ್ ಕಟ್ಟುತ್ತಾ ಬಗ್ಗಿ ಏಳುವುದು ಬೇಡ. ಹಿಂದಿನ ರಾತ್ರಿಯೇ ಕಟ್ಟಿಟ್ಟು, ಗಾಳಿಗೆ ಹೋಗಿ ನಿಂತುಕೊಳ್ಳಿ.

ಮಿನಿಕಾಯ್‌ನಲ್ಲಿ 1885ರ ಲೈಟ್‌ಹೌಸ್ ಇದೆ. ಅಮ್ಮ ದೋಣಿಯಿಂದ ಇಳಿದು, ಅದರ ಬುಡದಲ್ಲಿ ನಿಂತು ಮೇಲೆ ನೋಡಿ, "ಹತ್ತೋಣ್ವಾ?" ಅಂದಳು. ಹಿಂದಿನ ಪ್ರಯಾಣದಲ್ಲಿ ಇದೇ ಹೊತ್ತಿಗೆ ಅವಳನ್ನು ಎರಡು ಕೈ ಹಿಡಿದು ಇಳಿಸಿದ್ದೆ. ನಮ್ಮ ಕ್ಯಾಬಿನ್ ನಂಬರನ್ನು ಈಗ ಅವಳೇ ತನ್ನ ಲೆಕ್ಕದ ಪುಸ್ತಕದಲ್ಲಿ ಬರೆದಿಟ್ಟುಕೊಂಡಿದ್ದಾಳೆ.